ದರದ ಹಲಗೆ

ಚಳ್ಳಕೆರೆ, ಪಾವಗಡ ರಸ್ತೆ,
ಜಂಪಣ್ಣನವರ ಎಣ್ಣೆ ಮಿಲ್ಲಿನ ಗೇಟಿಗೆ ತಗಲಿದ
ಮೂರಡಿ ಕರಿ ಹಲಗೆ. ಇಪ್ಪತ್ತಾರು ವರ್ಷ
ಬೆಳಿಗ್ಗೆ ಒಂಬತ್ತಕ್ಕೆ ಅದರ ಮೇಲೆ ದರ ಬರೆದವನು ನಾನು.
ಶೇಂಗಾ. ಬೀಜ. ಎಣ್ಣೆ. ಹಿಂಡಿ.
ನಾಲ್ಕೇ ಪದ, ನಾಲ್ಕೇ ಅಂಕಿ,
ಸುತ್ತ ನಲವತ್ತು ತಲೆ.

ದರ ಆಗ ಆದೋನಿಯಿಂದ ಬರುತ್ತಿತ್ತು,
ಟ್ರಂಕ್ ಕಾಲಿನಲ್ಲಿ ರಾಜಕೋಟೆಯಿಂದ ಕಿರುಚುತ್ತ ಬರುತ್ತಿತ್ತು,
ಒಮ್ಮೊಮ್ಮೆ ಜಂಪಣ್ಣನವರ ಹುಬ್ಬಿನಿಂದಲೇ ಇಳಿಯುತ್ತಿತ್ತು.
ಜಗಳ ಆಡಬಹುದಿತ್ತು ಅದರ ಜೊತೆ.
ಪರಶುರಾಂಪುರದ ಓಬಳೇಶಿ ಆಡಿಯೂ ಇದ್ದ:
ಅಂಕಿಯನ್ನು ಟವೆಲಿನಿಂದ ಒರೆಸಿ
"ಈಗ ಬರಿಯಪ್ಪ, ನ್ಯಾಯವಾಗಿ."
ಹತ್ತು ರೂಪಾಯಿ ಹೆಚ್ಚಿಗೆ ಬರೆದೆ.
ಜಂಪಣ್ಣನವರು ಕಂಡೂ ಕಾಣದಂತೆ ಎಲೆಗೆ ಸುಣ್ಣ ಹಚ್ಚಿದರು.

ಆಮೇಲೊಂದು ದಿನ ರೇಡಿಯೋ ಹೇಳಿತು:
ಮೂಡಲ ಸಮುದ್ರದಾಚೆ ಹತ್ತು ದೇಶ
ಒಂದೇ ಪಂಕ್ತಿಗೆ ಕೂತಿವೆಯಂತೆ,
ನಮ್ಮ ದೇಶವೂ ಪಕ್ಕದಲ್ಲಿ ಎಲೆ ಹಾಕಿಸಿಕೊಂಡಿತಂತೆ.
ಎಲೆಗೆ ಬಿದ್ದದ್ದು ಎಣ್ಣೆ.
ಸುಂಕ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು,
ಫಿಟ್ಟರ್ ಹಯಾತ್ ಸಾಬರ ಎಕ್ಸ್‌ಪೆಲ್ಲರುಗಳು
ಆರಿದ್ದದ್ದು ನಾಲ್ಕು, ನಾಲ್ಕಿದ್ದದ್ದು ಒಂದು.
ಆ ಒಂದನ್ನೂ ವಾರಕ್ಕೊಮ್ಮೆ ಖಾಲಿ ತಿರುಗಿಸುತ್ತಿದ್ದರು,
"ಇಲ್ದಿದ್ರೆ ಕೀಲು ಮರ್ತುಬಿಡುತ್ತೆ ಕಣ್ರೀ."

ಯಾರನ್ನು ಬಯ್ಯುವುದು?
ನನ್ನ ಮನೆಯಾಕೆ ಖುಷಿಯಾಗಿದ್ದಳು, ಸುಳ್ಳಾಡಲಾರೆ.
ಬಸ್ ಸ್ಟ್ಯಾಂಡಿನ ಗೌರಕ್ಕ ಮೆಣಸಿನಕಾಯಿ ಬಜ್ಜಿಗೆ
ಎರಡನೇ ಬಾಣಲೆ ಇಟ್ಟಳು,
ಅದರಲ್ಲೇ ಮಗಳಿಗೆ ನರ್ಸಿಂಗ್ ಓದಿಸಿದಳು.
ಬಾಣಲೆಗೆ ಯಾವ ದೇಶವಾದರೇನು, ಕಾದರೆ ಸಾಕು.

ಓಟು ಕೇಳಲು ಬಂದವರು ಹಲಗೆ ಪಕ್ಕ ನಿಂತು
"ಡೆಲ್ಲೀಲಿ ಮಾತಾಡ್ತೀನಿ" ಅಂದರು.
ಗೆದ್ದು ಹೋಗಿ ಬಂದು
"ರುಜು ಆಗಿಹೋಗಿದೆ, ಏನೂ ಮಾಡಂಗಿಲ್ಲ" ಅಂದರು.
ಸುಂಕದವನ ಮುಂದೆ ಸುಖದುಃಖ ಹೇಳಬೇಡ, ಅನ್ನುತ್ತಿದ್ದಳು ನಮ್ಮಜ್ಜಿ.
ಅಜ್ಜಿ, ಈಗ ಸುಂಕದವನೇ ಇಲ್ಲ.
ಇದ್ದಿದ್ದರೆ, ಕಿವಿ ಕೊಡದಿದ್ದರೂ,
ಎದುರಿಗೊಂದು ಮುಖವಾದರೂ ಇರುತ್ತಿತ್ತು.

ಮಿಲ್ಲು ಈಗ ಪ್ಯಾಕಿಂಗ್ ಶೆಡ್ಡು.
ಮಂಗಳೂರು ಬಂದರಿನಿಂದ ಟ್ಯಾಂಕರು ಬರುತ್ತದೆ.
ಬೀಜ ಆರಿಸುತ್ತಿದ್ದ ತಿಪ್ಪಕ್ಕ ಪೌಚಿನ ಬಾಯಿ ಮುಚ್ಚುತ್ತಾಳೆ,
ಸಂಜೆ ಸೆರಗು ಮೂಸಿ ನೋಡುತ್ತಾಳೆ:
"ದಿನವೆಲ್ಲ ಎಣ್ಣೆಯಾಗೆ ಇದ್ದೆ ಅನ್ನಾಕೆ ಸಾಕ್ಷೀನೇ ಇಲ್ಲ."

ಹೊಸ ವರ್ಷಕ್ಕೆ ಕಂಪನಿ ಕ್ಯಾಲೆಂಡರ್ ಕಳಿಸಿತು.
ಮಾರ್ಚ್ ತಿಂಗಳ ಚಿತ್ರದಲ್ಲಿ ಒಬ್ಬಾಕೆ
ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು
ಉದುರಿದ ಕೆಂಪು ಹಣ್ಣನ್ನು ಗೋಣಿಗೆ ಆಯುತ್ತಿದ್ದಾಳೆ.
ತಿಪ್ಪಕ್ಕ ಬಹಳ ಹೊತ್ತು ನೋಡಿದಳು.
"ಇವ್ಳಿಗೆ ಚೀಲಕ್ಕೆ ಎಷ್ಟು ಕೊಡ್ತಾರಂತೆ?"
ನನಗೆ ಗೊತ್ತಿರಲಿಲ್ಲ.
ಏಪ್ರಿಲ್ ಬಂದರೂ ಹಾಳೆ ತಿರುವಲು ಬಿಡಲಿಲ್ಲ.

ದರ ಈಗ ಫೋನಿಗೆ ಬರುತ್ತದೆ, ಕ್ವಾಲಾಲಂಪುರ ಎದ್ದ ಮೇಲೆ.
ನಮಗಿಂತ ಎರಡೂವರೆ ಗಂಟೆ ಮುಂಚೆ ಏಳುತ್ತದೆ ಅದು.
ಹಲಗೆ ಓದಲು ಯಾರೂ ಬರುವುದಿಲ್ಲ, ಆದರೂ ಬರೆಯುತ್ತೇನೆ.
ನಿನ್ನೆ, ಹಿಂಡಿಯ ಕೆಳಗೆ, ಐದನೆಯ ಸಾಲು ಹಾಕಿದೆ:
ಅವಳ ಚೀಲ.
ಎದುರಿಗೆ ಅಂಕಿ ಇಲ್ಲ.

ಹಯಾತ್ ಸಾಬರು ಸೈಕಲ್ ನಿಲ್ಲಿಸಿ ಓದಿದರು.
ಏನೂ ಕೇಳಲಿಲ್ಲ.
ಜೇಬಿನಿಂದ ಸ್ಪ್ಯಾನರ್ ತೆಗೆದು
ಹಲಗೆಯ ಸಡಿಲಾದ ನಟ್ಟೊಂದನ್ನು ಬಿಗಿದು
ಹೊರಟುಹೋದರು.