ಮಿನರ್ವ ಸರ್ಕಲ್ಲಿನಲ್ಲಿ ಕಣ

ಮೂವತ್ತೊಂದು ವರ್ಷ ತಕ್ಕಡಿಗಳಿಗೆ ಮುದ್ರೆ ಒತ್ತಿದವಳು ನಾನು,
ತೂಕ-ಅಳತೆ ಇಲಾಖೆಯವಳು.
ತಟ್ಟೆಯ ತಳಕ್ಕೆ ಮೆತ್ತಿದ ಹುಣಿಸೆಹಣ್ಣು,
ಒಳಗೇ ಟೊಳ್ಳು ಕೊರೆದ ಬಟ್ಟು,
ಕಲಾಸಿಪಾಳ್ಯದಲ್ಲಿ ನನ್ನ ಕಣ್ಣು ತಪ್ಪಿಸಿದ್ದು ಕಡಿಮೆ.

ನಿವೃತ್ತಿಯ ದುಡ್ಡಲ್ಲಿ ನಸೀಮಾ ಜೊತೆ
ನಾಕ್ಸೋಸ್ ದ್ವೀಪಕ್ಕೆ ಹೋದೆ.
ಹಡಗಿಳಿದರೆ ಎದುರಿಗೇ ಒಂದು ಬಾಗಿಲು.
ಬರೀ ಬಾಗಿಲು.
ಗುಡಿ ಕಟ್ಟುತ್ತ ಕಟ್ಟುತ್ತ ಬಿಟ್ಟರಂತೆ.
‘ಈಜಿಪುರದ ಫ್ಲೈಓವರ್ರು’ ಅಂದಳು ನಸೀಮಾ.
ನಕ್ಕೆವು. ಗೈಡ್ ಹುಡುಗನಿಗೆ ತಿಳಿಯಲಿಲ್ಲ.

ಒಳನಾಡಿನಲ್ಲಿ ಧಾನ್ಯದಮ್ಮನ ಗುಡಿ.
ಸೂರಿಲ್ಲ, ಮೂರ್ತಿಯಿಲ್ಲ, ಮಂಗಳಾರತಿ ತಟ್ಟೆಯಿಲ್ಲ.
ಬಿಳಿ ಕಂಬ, ಸುತ್ತ ಬಾರ್ಲಿಯ ಕೂಳೆ.
ಚಪ್ಪಲಿ ಬಿಡಲೋ ಬೇಡವೋ?
ಬಿಟ್ಟೆ. ಕೂಳೆ ಚುಚ್ಚಿತು.
ಸರಿ ಅನ್ನಿಸಿತು.

ಕೆಳಗೆ, ಕಲ್ಲು ಹಾಸಿದ ದುಂಡು ನೆಲ,
ನಡುವೆ ಗೂಟದ ಕುಳಿ.
ಹುಡುಗ ಇಂಗ್ಲಿಷಿನಲ್ಲಿ ಪದ ಹುಡುಕುತ್ತಿದ್ದ.
ನಾನಂದೆ: ಕಣ. ಇದು ಮೇಟಿ ನಿಲ್ಲೋ ಜಾಗ.
(ಹೆಣ್ಣೂರಿನ ನಮ್ಮ ಕಣದ ಮೇಲೀಗ ಪೆಟ್ರೋಲ್ ಬಂಕು.
ಅದರ ಮೀಟರಿಗೂ
ನಾನೇ ಮುದ್ರೆ ಒತ್ತಿದ್ದು.)

ಕಲ್ಲಿಯೋಪಿ ಎಂಬ ಮುದುಕಿ ತಗಡಿನ ಡಬ್ಬಿಯಲ್ಲಿ
ಹಳದಿ ಬೇಳೆ ಅಳೆದಳು.
ಡಬ್ಬಿಯ ಬುಡ ನೆಗ್ಗಿತ್ತು; ನನ್ನ ಕೈ
ಚೀಲದಲ್ಲಿ ಇಲ್ಲದ ಮುದ್ರೆ ತಡಕಿತು.
ಮೊದಲ ಡಬ್ಬಿಗೆ ಏನೋ ಗೊಣಗಿದಳು,
ಎರಡರಿಂದ ಲೆಕ್ಕ.
ಏನಂದಳು? ಹುಡುಗ ಹೆಗಲು ಕುಣಿಸಿದ:
‘ಗೊತ್ತಿಲ್ಲ. ಅಂಕಿಯಂತೂ ಅಲ್ಲ.’

ಲಾಭ, ಎರಡು, ಮೂರು.
ಅವ್ವ ರಾಶಿಯ ಮುಂದೆ
‘ಒಂದು’ ಅಂದದ್ದೇ ಇಲ್ಲ.

ಅಳೆದು ಮುಗಿದ ಮೇಲೆ ಮುದುಕಿ
ಇನ್ನೊಂದು ಹಿಡಿ ಸುರಿದಳು. ಕೊಸರು.
ನನ್ನ ಇಲಾಖೆಯ ಯಾವ ನಮೂನೆಯಲ್ಲೂ
ಅದಕ್ಕೊಂದು ಕಾಲಂ ಇರಲಿಲ್ಲ.

ಈಗ ಜನವರಿ. ಮಿನರ್ವ ಸರ್ಕಲ್ಲು.
ಆ ಕಡಲಿನ ಕಡೆಯ ದೇವಿಯದೇ ಹೆಸರು,
ಗುಡಿಯಿಲ್ಲ, ಬಸ್‌ಸ್ಟಾಪಿದೆ.
ಆಟೋ, ಸ್ಕೂಟರು, ಟೆಂಪೊ
ಸಂಜೆಯನ್ನು ತುಳಿದು ತುಳಿದು ಒಕ್ಕುತ್ತಿವೆ,
ನಡುವೆ ಸೀಟಿ ಕಚ್ಚಿದ ಪೇದೆಯೇ ಮೇಟಿ.
ಕಾಳೆಲ್ಲಿ ಉದುರುತ್ತದೋ,
ಹೊಟ್ಟು ಮಾತ್ರ ಕಣ್ಣಿಗೆ ಬೀಳುತ್ತದೆ.

ವಿ.ವಿ. ಪುರದ ತಿರುವಿನಲ್ಲಿ ಅವರೆಕಾಯಿ ರಾಶಿ.
ಮಾರುವವಳ ತಕ್ಕಡಿ ಎಲೆಕ್ಟ್ರಾನಿಕ್,
ಮುದ್ರೆಯ ಅವಧಿ ತೀರಿ ಎರಡು ವರ್ಷ.
ನೋಡಿದೆ. ಸುಮ್ಮನಿದ್ದೆ.
ಎಷ್ಟು ಕೆಜಿ? ಅಂದಳು.
ಬಾಯಿ ತಪ್ಪಿ ‘ಲಾಭ’ ಅಂದೆ.

ತೂಗುವ ಕೈ ನಿಂತಿತು.
ಕೆಂಪು ಅಂಕಿಗಳು ಕುಣಿಯುತ್ತಲೇ ಇದ್ದವು.
‘ಯಾವೂರಮ್ಮ ನಿಮ್ದು?’

ನನ್ನ ಬಸ್ಸು ಬಂತು, ಹೋಯಿತು.
ಬೆರಳಿಗೆ ಅವರೆಯ ಸೊಗಡು.