ಒಂದು ಸೊನ್ನೆ ಕಡಿಮೆ

ಫ್ಲೆಕ್ಸ್ ಬಂದ ಮೇಲೆ ಬ್ರಶ್ಶುಗಳನ್ನು
ಸೀಮೆಎಣ್ಣೆಯ ಡಬ್ಬದಲ್ಲಿ ಅದ್ದಿಟ್ಟು ಮರೆತಿದ್ದೆ.
ಬಿಜೈಯಿಂದ ಫೋನು: 'ಅಂಕಲ್, ಕೈಯಲ್ಲೇ ಬರೆಯಬೇಕು,
ಈಗ ಅದೇ ವಿಂಟೇಜು.'
ಹಳತಾದದ್ದಕ್ಕೂ ಹೆಸರೊಂದು ಸಿಕ್ಕಿದರೆ ರೇಟು ಉಂಟು
ಅಂತ ಗೊತ್ತಾದದ್ದು ಆ ದಿನ.

ದೀಕ್ಷಿತಾ. ಐತಪ್ಪ ಭಂಡಾರಿಯವರ ಕಿರಿಮಗಳು.
ಅಪ್ಪನ ಬೋರ್ಡು ಬರೆದವನೂ ನಾನೇ, ಎಂಬತ್ತಮೂರರಲ್ಲಿ:
ಮೇಲೆ ಕನ್ನಡ, ಹೇರ್ ಕಟ್ಟಿಂಗ್ ಸೆಲೂನ್,
ಕೆಳಗೆ ಇಂಗ್ಲಿಷು, ನಡುವೆ ಎರಡು ಸೊನ್ನೆ
ಮೂಗಿಲ್ಲದ ಕನ್ನಡಕದ ಹಾಗೆ.
ಒಳಗೆ ಒಂದು ಕುರ್ಚಿ, ಎದುರುಬದುರು ಕನ್ನಡಿ, ಪಟಿಕದ ಕಲ್ಲು,
ಮಕ್ಕಳು ಬಂದರೆ ಕುರ್ಚಿಯ ಕೈಗಳ ಮೇಲೆ ಅಡ್ಡ ಹಲಗೆ.

'ಎರಡು ಬೇಡ ಅಂಕಲ್, ಒಂದೇ ಸೊನ್ನೆ ಸಾಕು.
ಸೆಲೂನ್ ಅಲ್ಲ ಇದು, ಸಲಾನ್.'
'ಎರಡೂ ಒಂದೇ ಅಲ್ವಾ ಮಗಾ?'
'ಒಂದೇ. ಎರಡೂ ಫ್ರಾನ್ಸಿನಿಂದ ಹೊರಟದ್ದು.
ಅಪ್ಪನದ್ದು ಹಡಗಿನಲ್ಲಿ ಬಂತು,
ನನ್ನದು ವಿಮಾನದಲ್ಲಿ.'

ಇಂಥ ಮಾತುಗಳಿಗೆ ನಾನು ಹೆದರುವವನು ಮಾರಾಯ್ರೆ.
ಒಮ್ಮೆ ಕಂಕನಾಡಿಯಲ್ಲಿ, ಚೀಟಿಯ ನಾಲ್ಕಕ್ಷರ ನೋಡಿ
'ಚಿಕ್' ಅಂತ ಬರೆದುಬಿಟ್ಟೆ, ಕೆಂಪಿನಲ್ಲಿ, ಒಂದೂವರೆ ಅಡಿ.
ಹೆಂಗಸರ ಬಟ್ಟೆಯಂಗಡಿ ಅದು.
ಸಂಜೆಯೊಳಗೆ ಇಬ್ಬರು ಬಂದು
'ಅರ್ಧ ಕಿಲೋ, ಚರ್ಮ ತೆಗೆದು' ಅಂದರಂತೆ.
'ಶಿಕ್' ಅನ್ನಬೇಕಿತ್ತು.
ಶಿಕ್ಷೆ, ಕೂಲಿಯಲ್ಲಿ ನೂರು ಕಟ್.

ಫಳ್ನೀರಿನ ಜಸಿಂತಾ ಬಾಯಿ
'ಟೈಲರ್' ಅಳಿಸಿ 'ಕುತೂರ್' ಬರೆಸಿದರು.
ಟೈಲರ್ ಕೂಡ ಅಲ್ಲಿಯದೇ ಅಂತೆ, ಹಳಸಿತು ಅಷ್ಟೆ.
ಏಣಿ ಇಳಿಯುವಾಗ ಬಸ್ಸು ಕಾಯುವ ಒಬ್ಬ ಕೇಳಿದ,
'ಎಲ್ಲಿ ಬರ್ತದೆ ಈ ಊರು, ಪುತ್ತೂರಿನ ಆಚೆಯಾ,
ಕುತ್ತೆತ್ತೂರಿನ ಈಚೆಯಾ?'
ಬಾಯಿಯಲ್ಲಿ ಕಚ್ಚಿದ ಗುಂಡುಸೂಜಿ ಬೀಳುವಷ್ಟು
ನಕ್ಕರು ಬಾಯಿ.

ಬರೆದು ಓದದ ಅಕ್ಷರಗಳು ಆ ಭಾಷೆಯಲ್ಲಿ ಬಹಳವಂತೆ.
ಬೊಕೆಯ ಕೊನೆಗೊಂದು ಟೀ ನಿಂತಿರುತ್ತದೆ,
ಮದುವೆ ಹಾಲಿನ ಬಾಗಿಲಲ್ಲಿ
ಸೂಟು ಹಾಕಿ ನಿಂತ ದೂರದ ನೆಂಟ.
ಊಟಕ್ಕೆ ಏಳಿ ಅಂತ ಯಾರೂ ಹೇಳುವುದಿಲ್ಲ.
ನಮ್ಮಲ್ಲಿ ಹಾಗೆ ನಡೆಯುವುದಿಲ್ಲ.
ಒಂದು ಅರ್ಕಾವತ್ತು ಹಾಕಿದರೂ ನಾಲಗೆ ಅದಕ್ಕೆ
ಬಾಡಿಗೆ ಕಟ್ಟಲೇಬೇಕು.

ಸರಿ, ಒಂದೇ ಸೊನ್ನೆ ಬರೆದೆ,
'ಬೇಜ್' ಎಂಬ ಬಣ್ಣದ ಗೋಡೆಯ ಮೇಲೆ.
ಬಂದರಿನಲ್ಲಿ ಅದನ್ನೇ ನಾವು ಗೋಣಿ ಬಣ್ಣ ಅಂದವರು.
ಒಳಗೆ ಹೋಟೆಲಿನ ಮೆನುವಿನಂತೆ ದರಪಟ್ಟಿ,
ಕೂದಲಿಗೆ ಏಳುನೂರು.
ಅಪ್ಪನಲ್ಲಿ ಎಪ್ಪತ್ತು, ನಿನ್ನೆಯವರೆಗೂ.
ಬೋರ್ಡಿನಿಂದ ನಾನು ಇಳಿಸಿದ ಸೊನ್ನೆ
ಸುಮ್ಮನೆ ಒಳಗೆ ಬಂದು ಇಲ್ಲಿ ಕೂತಿತ್ತು.

ಐತಪ್ಪಣ್ಣ ಬಂದರು, ಇಸ್ತ್ರಿ ಹಾಕಿದ ಬಿಳಿ ಅಂಗಿ.
ಮಗಳು ಅವರನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿದಳು.
ನಲವತ್ತು ವರ್ಷ ಕುರ್ಚಿಯ ಹಿಂದೆ ನಿಂತ ಮನುಷ್ಯ,
ಕೂತು ಕನ್ನಡಿ ನೋಡಿ ಅಭ್ಯಾಸವಿಲ್ಲ.
ಎರಡು ಸಲ ಎದ್ದರು.
ಎ.ಸಿ.ಯ ಗಾಳಿಗೆ ಪಂಚೆ ಬಿಗಿ ಹಿಡಿದರು.
'ಹೆಬ್ಬೆರಳು ಸಡಿಲ ಬಿಡು' ಅಂದರು ಒಮ್ಮೆ,
'ಬಾಚಣಿಗೆ ಮೊದಲು, ಕತ್ತರಿ ಆಮೇಲೆ.'
ಅವಳು ಬಿಟ್ಟಳು. ಮತ್ತೆ ಕತ್ತರಿಯ ಸದ್ದು ಮಾತ್ರ,
ನಾನು ಹುಡುಗನಿದ್ದಾಗ ಹಲಗೆಯ ಮೇಲೆ ಕೂತು
ಕಿವಿಯ ಪಕ್ಕ ಕೇಳಿದ್ದೇ.

ತಲೆ ಆಚೀಚೆ ತಿರುಗಿಸಿ ನೋಡಿ,
'ಪೊರ್ಲುಂಡು' ಅಂದರು ಐತಪ್ಪಣ್ಣ.
ಕೂದಲಿಗೋ, ಬೋರ್ಡಿಗೋ, ಮಗಳಿಗೋ,
ನಾನು ಕೇಳಲಿಲ್ಲ.

ಇಳಿದು, ಪಂಚೆ ಕೊಡವಿ,
ಅಂಗಿ ಜೇಬಿನಿಂದ ಎಪ್ಪತ್ತು ರೂಪಾಯಿ
ಎಣಿಸಿ ಕನ್ನಡಿಯ ಎದುರಿಗಿಟ್ಟರು.
ಅವಳು ಎಣಿಸದೆ
ಡ್ರಾವರಿಗೆ ಹಾಕಿಕೊಂಡಳು.