ನಲವತ್ತಮೂರು ಬೆಳಗು

ದೋಣಿ ಹನ್ನೆರಡು ಮೀಟರು. ಹದಿನಾಲ್ಕು ಜನ ಹುಟ್ಟು ಹಾಕುವ
ಚರ್ಚು ದೋಣಿ. ಕೊಯ್ವುಲಹ್ತಿಯ ಜನರೆಲ್ಲ ಅದರಲ್ಲಿ ಕೂತು
ಪ್ರಾರ್ಥನೆಗೆ ಸರೋವರ ದಾಟುತ್ತಿದ್ದದ್ದು ನನ್ನ ಅಜ್ಜಿಯ ಕಾಲಕ್ಕೆ.
ಈಗ ಅದು ಪಂದ್ಯಕ್ಕೆ ಹೋಗಬೇಕು, ರಸ್ತೆ ಹಿಡಿದು,
ಇನ್ನೂರು ಕಿಲೋಮೀಟರು ಆಚೆಯ ಇನ್ನೊಂದು ನೀರಿಗೆ.
ಅಷ್ಟುದ್ದದ ಗಾಡಿ ಯಾರ ಹತ್ತಿರವೂ ಇಲ್ಲ;
ಕೊಳ್ಳೋಣವೆಂದರೆ ಸಂಘದ ಡಬ್ಬಿಯಲ್ಲಿರುವುದು
ಕಾಫಿ ಮಾರಿದ ಚಿಲ್ಲರೆ.

ಮಾರ್ಚಿಯಲ್ಲಿ, ಹಿಮ ಇನ್ನೂ ಮೊಣಕಾಲುದ್ದ ಇರುವಾಗ,
ತೌನೊ ಸೇನೆಯ ಹರಾಜಿನಿಂದ ಎರಡು ಟ್ರೇಲರ್ ಎಳೆದು ತಂದ.
ಎರಡೂ ಹಸಿರು, ಆದರೆ ಒಂದೇ ಹಸಿರಲ್ಲ.
ಒಂದು ಅಡಿಗೆಯ ಒಲೆ ಹೊತ್ತದ್ದು, ಇನ್ನೊಂದು ಏನು ಹೊತ್ತಿತ್ತೋ,
ಹಲಗೆ ಕಿತ್ತರೆ ಬರೀ ಪೈನ್ ಸೂಜಿ, ಒಂದು ಗುಂಡಿ, ಇಲಿಯ ಗೂಡು.
‘ಹಿಲ್ಕ, ಇವೆರಡನ್ನೂ ಬೀಗರು ಮಾಡು’ ಅಂದ.
ಹಡಗುಕಟ್ಟೆಯಲ್ಲಿ ಇಪ್ಪತ್ತಾರು ವರ್ಷ ಬೆಸುಗೆ ಹಾಕಿದವಳು ನಾನು.
ಸಂಬಂಧ ಕುದುರಿಸುವುದು ಗೊತ್ತು;
ಕಬ್ಬಿಣ ಮುನಿಸಿಕೊಳ್ಳುವುದೂ ಗೊತ್ತು.

ಒಂದರ ಮೂಕಿ ಕತ್ತರಿಸಿದೆ. ಇನ್ನೊಂದರ ಬೆನ್ನು.
ನಡುವೆ ನಾಲ್ಕು ಮೀಟರಿನ ಹೊಸ ಚಾನೆಲ್, ಎಡಕ್ಕೊಂದು ಬಲಕ್ಕೊಂದು.
ಎರಡು ಇರಸನ್ನೂ ಬಿಚ್ಚಿ, ನಡುವಿಗಿಂತ ತುಸು ಹಿಂದೆ,
ಜೋಡೆತ್ತಿನ ಹಾಗೆ ಒಂದರ ಹಿಂದೊಂದಲ್ಲ,
ಒಂದೇ ತಟ್ಟೆಗೆ ಕೂತ ಅಣ್ಣತಮ್ಮಂದಿರ ಹಾಗೆ ಒತ್ತೊತ್ತಾಗಿ.
ಒಂದು ಕಡೆ ಒಂದು ಗೇಣು ಬೆಸೆದು, ಓಡಿ, ಆ ಕಡೆ ಒಂದು ಗೇಣು.
ಒಂದೇ ಸಮ ಹಾಕುತ್ತ ಹೋದರೆ
ಕಾವು ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ದಾರ ಹಿಡಿಯುವ ಕೆಲಸ ಯಾಲ್ಮಾರಿಯದು, ತೌನೊನ ಮೊಮ್ಮಗ.
ಹದಿನೆಂಟು ತುಂಬಿದೆ, ಗಡ್ಡ ತುಂಬಿಲ್ಲ.
ಮೂಲೆಯಿಂದ ಮೂಲೆಗೆ ಹಿಡಿದ, ಆ ಮೂಲೆಯಿಂದ ಈ ಮೂಲೆಗೆ ಹಿಡಿದ:
ಹನ್ನೊಂದು ಮಿಲಿಮೀಟರು ವ್ಯತ್ಯಾಸ.
‘ಹನ್ನೊಂದು ಏನು ಮಹಾ?’
ಮಹಾ ಏನಿಲ್ಲ ಮಗಾ, ಗಾಡಿ ಜೀವಮಾನವಿಡೀ
ಏಡಿಯ ಹಾಗೆ ನಡೆಯುತ್ತದೆ, ಅಷ್ಟೆ.
ಮಾಡಿದ್ದನ್ನು ಕೊಯ್ದೆ. ಮತ್ತೆ ಮಾಡಿದೆ. ಎರಡು ದಿನ ಹೋಯಿತು,
ಬಾಯಿಗೆ ಬಂದ ಬೈಗುಳಕ್ಕೆ ಲೆಕ್ಕವಿಲ್ಲ.

ಜೋಡಣೆಯ ಜಾಗದಲ್ಲಿ ಬಣ್ಣ ಉಜ್ಜುವಾಗ ಕಂಡಿತು.
ಮೊಳೆಯಿಂದ ಗೀರಿದ್ದು, ಒಳಮೈಯಲ್ಲಿ,
ಮಲಗಿ ನೋಡಿದರೆ ಮಾತ್ರ ಕಾಣುವಂಥದ್ದು:
ಇನ್ನು 43 ಬೆಳಗು.
ಸೇನೆಗೆ ಹೋದ ಹುಡುಗರು ಉಳಿದದ್ದನ್ನು ಹೀಗೇ ಎಣಿಸುತ್ತಾರೆ ಇಲ್ಲಿ,
ದಿನವೆನ್ನುವುದಿಲ್ಲ, ರಾತ್ರಿಯೆನ್ನುವುದಿಲ್ಲ. ಬೆಳಗು.
ಯಾಲ್ಮಾರಿ ನನ್ನ ಪಕ್ಕ ತಣ್ಣನೆ ಸಿಮೆಂಟಿನ ಮೇಲೆ ಮಲಗಿ
ಬಹಳ ಹೊತ್ತು ಓದಿದ, ಮೂರೇ ಪದ.
ಅವನು ಹೋಗುವುದು ಜುಲೈ ಮೊದಲ ವಾರ.
ಪಂದ್ಯ ಎರಡನೆಯ ವಾರ.
ಐದನೆಯ ಹುಟ್ಟು, ಎಡಗಡೆ, ಅವನದು;
ಅಂಚೆಯ ಆನೆಲಿಗೆ ಆಗಲೇ ಕಲಿಸುತ್ತಿದ್ದೇವೆ.

ಪಟ್ಟಿ ಅಲ್ಲೇ ಕೂರಬೇಕು, ಬೇರೆ ದಾರಿಯಿಲ್ಲ.
ಗೀರನ್ನು ಉಜ್ಜಿ ತೆಗೆಯಬೇಕಾಗಿಯೂ ಇಲ್ಲ,
ಬೆಸುಗೆ ಬೀಳುವುದು ಅಂಚಿಗೆ.
ಮುಖಗವಚ ಇಳಿಸುವ ಮುಂಚೆ ಅವನು
ಗುರುತು ಹಾಕುವ ನನ್ನ ಬಳಪ ಕೇಳಿ ತೆಗೆದುಕೊಂಡು
ಪಟ್ಟಿಯ ಹಿಂಬದಿಗೆ 165 ಎಂದು ಬರೆದ.
ಬೆಂಕಿಗೆ ಅಳಿಸುವ ಬಳಪವಲ್ಲ ಅದು.
ನಾನು ಏನೂ ಅನ್ನಲಿಲ್ಲ. ಬೆಳಕು ನೋಡಬೇಡ ಅಂದೆ.

ಮೇ ತಿಂಗಳಲ್ಲಿ ತಪಾಸಣೆ. ರೂಪೊನೆನ್ ಎಂಬ ಅಧಿಕಾರಿ,
ನಗುವನ್ನು ಮನೆಯಲ್ಲೇ ಬಿಟ್ಟು ಬರುವವನು,
ಗಾಡಿಯ ಕೆಳಗೆ ಜಾರಿ ಹೋಗಿ
ಸುತ್ತಿಗೆಯಿಂದ ಪಟ್ಟಿ ಪಟ್ಟಿಯನ್ನೂ ತಟ್ಟಿದ.
ನಾಲ್ಕನೆಯದರ ಹತ್ತಿರ ನಿಂತು, ಇನ್ನೊಂದು ಸಲ ತಟ್ಟಿ,
‘ಇದರೊಳಗೇನು?’ ಅಂದ.
‘ಕಬ್ಬಿಣ’ ಅಂದೆ.
ಅವನು ಹೊರಗೆ ಬಂದು ಕೈ ಒರೆಸಿಕೊಂಡು
ಕಾಗದದಲ್ಲಿ ಏನೋ ಬರೆದ, ಏನೋ ಹೊಡೆದು ಹಾಕಿದ.
ಬಲಗಡೆಯ ಹಿಂದೀಪ ಹತ್ತುತ್ತಿಲ್ಲ, ಅಂದ,
ಸರಿ ಮಾಡಿಸಿ ಸೋಮವಾರ ತನ್ನಿ.